ಕೆಲಸವೇ ಅಲ್ಲದ ಕೆಲಸಗಳು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಬಳಿ ಸಲಹೆಗೆ ಬಂದವರು ನಲವತ್ತರ ಆಸುಪಾಸಿನ ಮಹಿಳೆ. ಕಚೇರಿಯಲ್ಲಿ ಒಂದು ತಂಡ ನೋಡಿಕೊಳ್ಳುತ್ತಾರೆ. "ನನಗೆ ಶಿಸ್ತೇ ಇಲ್ಲ ಮೇಡಂ. ಬೆಳಗ್ಗೆ ಕೆಲಸದ ಪಟ್ಟಿ ತೆರೆದರೆ ಸಾಕು, ಕೈಕಾಲೇ ಆಡಲ್ಲ" ಎಂದರು.

ಪಟ್ಟಿ ತೋರಿಸಿ ಎಂದೆ. ಮೊಬೈಲ್‌ನಲ್ಲಿ ಎಷ್ಟು ಸರಿಸಿದರೂ ಮುಗಿಯುತ್ತಿರಲಿಲ್ಲ. ‘ವಿಮೆ ಕಂತು ಕಟ್ಟು’ ಎಂಬುದರ ಕೆಳಗೆ ‘ಪಿಟೀಲು’. ಅದರ ಕೆಳಗೆ ಯಾವುದೋ ಲೇಖನದ ಲಿಂಕ್. ಆಮೇಲೆ ‘ವೈ-ಫೈ ಪಾಸ್‌ವರ್ಡ್’, ‘ಪಾಸ್‌ಪೋರ್ಟ್ ಮುಂದಿನ ವರ್ಷ’, ‘ಅಣ್ಣನ ವಿಷಯ’. ಎಲ್ಲದರ ಮುಂದೂ ಟಿಕ್ ಹಾಕಲು ಒಂದೇ ಥರದ ಖಾಲಿ ಚೌಕ.

ಇವರಿಗೆ ಶಿಸ್ತಿನ ಕೊರತೆ ಖಂಡಿತ ಇರಲಿಲ್ಲ. ಆ ದಿನ ಮಾಡಬೇಕಾದದ್ದನ್ನು ಆ ದಿನವೇ ಮುಗಿಸುತ್ತಿದ್ದರು. ಆದರೆ ಪಾಸ್‌ವರ್ಡ್‌ಗೆ ಟಿಕ್ ಹಾಕುವುದು ಹೇಗೆ? ಅದು ಮುಗಿಯುವಂಥದ್ದೇ ಅಲ್ಲ ಅಲ್ವಾ? ಮಾಡಲು ಏನೂ ಇಲ್ಲದ ಇಂಥ ಸಾಲುಗಳೇ ದಿನಾ ಕಣ್ಣಿಗೆ ಬಿದ್ದು, ‘ಇವತ್ತೂ ಆಗಲಿಲ್ಲ’ ಅನ್ನಿಸುತ್ತಿದ್ದವು.

ಜೊತೆಗೆ ಕೂತು ಒಂದೊಂದೇ ಸಾಲು ಓದಿದೆವು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದರಲ್ಲಿ ನೀವು ಈಗ ಮಾಡುವಂಥದ್ದು ಏನಾದರೂ ಇದೆಯಾ? ಇಲ್ಲ ಅಂದರೆ ಅದು ಪಟ್ಟಿ ಬಿಟ್ಟು ಬೇರೆ ಕಡೆ ಹೋಗಬೇಕು. ಪಾಸ್‌ವರ್ಡ್‌ಗಳಿಗೆಂದೇ ಇರುವ ಆ್ಯಪ್‌ಗೆ ವೈ-ಫೈದೂ ಹೋಯಿತು. ಲಿಂಕ್ ಯಾಕೆ ಉಳಿಸಿದ್ದೆಂದು ಅವರಿಗೇ ನೆನಪಿರಲಿಲ್ಲ, ಅಳಿಸಿದರು. ಪಾಸ್‌ಪೋರ್ಟ್ ಕ್ಯಾಲೆಂಡರ್‌ಗೆ ಹೋಯಿತು. ಹಿಂದೆ ಇದಕ್ಕೇ 43 ಫೋಲ್ಡರ್ ಇಟ್ಟುಕೊಳ್ಳುವ ಪದ್ಧತಿ ಇತ್ತು, ದಿನಗಳಿಗೆ 31, ತಿಂಗಳುಗಳಿಗೆ 12. ಕಾಗದವನ್ನು ಆಯಾ ದಿನದ ಫೋಲ್ಡರ್‌ಗೆ ಹಾಕಿದರೆ ಅಲ್ಲಿಯವರೆಗೆ ಮರೆತಿರಬಹುದು. ಈಗ ಆ ಕೆಲಸವನ್ನು ಕ್ಯಾಲೆಂಡರ್ ಮಾಡುತ್ತದೆ.

ಪಿಟೀಲಿನ ಹತ್ತಿರ ನಿಂತೆವು. "ಅಳಿಸಿಬಿಡೋಣವಾ?" ಎಂದು ಕೇಳಿದ್ದಕ್ಕೆ ಅವರ ಕಣ್ಣು ತುಂಬಿತು. ಚಿಕ್ಕಂದಿನಲ್ಲಿ ಕಲಿಯುತ್ತಿದ್ದರಂತೆ, ಅರ್ಧಕ್ಕೆ ನಿಂತಿತ್ತು. ಇಂಥದ್ದನ್ನು ಅಳಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆಸೆ ಇರಲಿ. ಆದರೆ ಇವತ್ತಿನ ಸಾಲದ ಥರ ಬೆನ್ನು ಹತ್ತಬಾರದು. ‘ಮುಂದೆಂದಾದರೂ’ ಎಂಬ ಬೇರೆ ಪುಟ ಮಾಡಿಸಿದೆ. ಅಲ್ಲಿ ಚೌಕ ಇಲ್ಲ. ತಿಂಗಳಿಗೊಮ್ಮೆ ಅದನ್ನು ಓದಲು ದಿನ ಗೊತ್ತು ಮಾಡಿದೆವು. ಈ ಓದು ತಪ್ಪಿದರೆ ಆ ಪುಟದ ಮೇಲೆ ಮನಸ್ಸಿಗೆ ನಂಬಿಕೆ ಬರುವುದಿಲ್ಲ, ಎಲ್ಲವೂ ಮತ್ತೆ ತಲೆಗೇ ಬಂದು ಕೂರುತ್ತವೆ.

ಕೊನೆಗೆ ಉಳಿದದ್ದು ಅಣ್ಣ. ಆಸ್ತಿಯ ಮಾತಿಗೆ ಮಾತು ಬೆಳೆದು, ಅಣ್ಣ ಇವರ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ‘ಅಣ್ಣನ ವಿಷಯ’ ಎಂದರೆ ಏನು ಮಾಡುವುದು ಎಂದು ಕೇಳಿದೆ. "ಸರಿ ಮಾಡಬೇಕು" ಎಂದರು. ಸರಿಯಾಗುವುದು ಇವರೊಬ್ಬರ ಕೈಯಲ್ಲಿಲ್ಲ. ಇವರ ಕೈಯಲ್ಲಿರುವುದು ಎಷ್ಟು ಎಂದು ಹುಡುಕಿದಾಗ ಸಿಕ್ಕಿದ್ದು ಒಂದೇ: ಆಸ್ತಿಯ ಮಾತೆತ್ತದೆ ನಾಲ್ಕು ಸಾಲಿನ ಪತ್ರ. ‘ಭಾನುವಾರ ಬೆಳಗ್ಗೆ ಅಣ್ಣನಿಗೆ ಪತ್ರ’ ಎಂದು ಬರೆದುಕೊಂಡರು. ಅಣ್ಣ ಉತ್ತರ ಕೊಡುತ್ತಾರೋ ಇಲ್ಲವೋ ಎಂಬ ದುಗುಡ ಯಾವ ಪಟ್ಟಿಗೂ ಸೇರುವಂಥದ್ದಲ್ಲ. ಅದನ್ನು ಇಲ್ಲಿ ಬಂದು ಮಾತಾಡಿ ಎಂದೆ.

ದಿನ, ಹೊತ್ತು ಗೊತ್ತುಮಾಡಿಸಿದ್ದಕ್ಕೆ ಕಾರಣವಿದೆ. ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಯದ ಗುರಿಗಳು ಬೇರೆ ಕೆಲಸದ ನಡುವೆ ತಲೆಗೆ ನುಗ್ಗುತ್ತಿದ್ದವು. ಅದನ್ನು ಯಾವಾಗ, ಹೇಗೆ ಮಾಡುವುದು ಎಂದು ಸ್ಪಷ್ಟವಾಗಿ ಯೋಚಿಸಿಟ್ಟವರಿಗೆ ಆ ಕಾಟ ಕಡಿಮೆಯಾಯಿತು, ಕೆಲಸ ಇನ್ನೂ ಬಾಕಿ ಇದ್ದರೂ.

ಮುಂದಿನ ಭೇಟಿಗೆ ಬಂದಾಗ ಪಟ್ಟಿ ಒಂದು ಪರದೆಯೊಳಗೆ ಹಿಡಿಸುತ್ತಿತ್ತು. ಪತ್ರ ಹೋಗಿತ್ತು, ಉತ್ತರ ಬಂದಿರಲಿಲ್ಲ. ಅವತ್ತು ಪೂರ್ತಿ ಅಣ್ಣನ ಬಗ್ಗೆಯೇ ಮಾತಾಡಿದೆವು. ಪಟ್ಟಿ ಹಗುರಾದ ಮೇಲೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಸುಮ್ನೆ ಕೂರಬೇಡಿ, ವೈದ್ಯರನ್ನು ನೋಡಿ ಎಂದೂ ಹೇಳಿ ಕಳಿಸಿದೆ.