ಎಲ್ಕ್ ಕಡಿಮೆಯಾದದ್ದಕ್ಕೆ ತೋಳವೊಂದೇ ಹೊಣೆಯೇ?

ಪ್ರಶ್ನೆ: ಅಮೆರಿಕದ ಮೊಂಟಾನಾದ ಬೋಜ್‌ಮನ್‌ನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಸಹೋದ್ಯೋಗಿಗಳು ಪ್ರತಿ ವರ್ಷ ಎಲ್ಕ್ ಬೇಟೆಗೆ ಹೋಗುವವರು. ‘ಯೆಲ್ಲೊಸ್ಟೋನ್‌ಗೆ ತೋಳ ತಂದುಬಿಟ್ಟರು, ನಮ್ಮ ಎಲ್ಕ್ ಮುಗಿದೇ ಹೋಯಿತು’ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಅರ್ಧ ನಿಜ. ಎಲ್ಕ್ ನಮ್ಮ ಕಡವೆಯ ಬಂಧು, ಅದಕ್ಕಿಂತ ದೊಡ್ಡದು. ಹೆಣ್ಣೇ 225 ಕಿಲೊ ಆಸುಪಾಸು ತೂಗುತ್ತದೆ. 1995–96ರಲ್ಲಿ ಕೆನಡಾದಿಂದ ತಂದ 31 ತೋಳಗಳನ್ನು ರಾಷ್ಟ್ರೀಯ ಉದ್ಯಾನವಾದ ಯೆಲ್ಲೊಸ್ಟೋನ್‌ನಲ್ಲಿ ಬಿಟ್ಟರು. ಅದಕ್ಕೆ ಮುಂಚೆ, 1994ರ ವಿಮಾನ ಎಣಿಕೆಯಲ್ಲಿ, ಉದ್ಯಾನದ ಉತ್ತರದ ಹಿಂಡಿನಲ್ಲಿ ಸುಮಾರು 19,000 ಎಲ್ಕ್ ಸಿಕ್ಕಿದ್ದವು. 2013ರಲ್ಲಿ ಸಿಕ್ಕಿದ್ದು 4,000ಕ್ಕೂ ಕಡಿಮೆ. ಇವೆರಡೇ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಬೇಟೆಗಾರರಿಗೆ ಸಿಟ್ಟು ಬರುವುದು ಸಹಜ.

ಆದರೆ 19,000 ಎಂಬುದೇ ಏರುಕಾಲದ ಅಂಕಿ. 1968ರವರೆಗೆ ಉದ್ಯಾನದ ಸಿಬ್ಬಂದಿಯೇ ಎಲ್ಕ್‌ಗಳನ್ನು ಕೊಂದು ಸಂಖ್ಯೆ ಇಳಿಸುತ್ತಿದ್ದರು. ತೋಳದ ಸುಳಿವೇ ಇಲ್ಲದ ಆ ಕಾಲದಲ್ಲೂ ಹಿಂಡು 4,000ದ ಆಸುಪಾಸಿಗೆ ಬಂದಿತ್ತು. ಆ ಕೆಲಸ ನಿಂತ ಮೇಲೆ ಏರುತ್ತ ಹೋಯಿತು. ಆಮೇಲೆ 1996–97ರ ಘೋರ ಚಳಿಗಾಲ, ಅದರ ಬೆನ್ನಿಗೆ ಬರದ ವರ್ಷಗಳು. ಅದೇ ಹೊತ್ತಿಗೆ ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿ ಮತ್ತು ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳೂ ಹೆಚ್ಚಿದವು.

ಇದರ ಜೊತೆಗೆ ಬೇಟೆಗಾರರು ಹೆಚ್ಚಾಗಿ ಮಾತಾಡದ ಒಂದು ಸಂಗತಿ ಇದೆ: ಗಾರ್ಡಿನರ್ ಊರಿನ ಬಳಿ ಚಳಿಗಾಲದಲ್ಲಿ ನಡೆಯುತ್ತಿದ್ದ ‘ಲೇಟ್ ಹಂಟ್’. ಉದ್ಯಾನದಿಂದ ಕೆಳಗಿಳಿದು ಬರುವ ಕೊಂಬಿಲ್ಲದ ಎಲ್ಕ್, ಅಂದರೆ ಮುಖ್ಯವಾಗಿ ಹೆಣ್ಣುಗಳು, ಅದರ ಗುರಿ. 2005ರಲ್ಲೂ ಅದಕ್ಕೆ 1,100ರಷ್ಟು ಪರವಾನಗಿ ಕೊಟ್ಟಿದ್ದರು. ಮರುವರ್ಷ ಅದನ್ನು 100ಕ್ಕೆ ಇಳಿಸಿದರು, ಆಮೇಲೆ ಪೂರ್ತಿ ನಿಲ್ಲಿಸಿದರು. ತೋಳ ಹೆಚ್ಚಾಗಿ ಹಿಡಿಯುವುದು ಮರಿಗಳನ್ನು ಮತ್ತು 14 ವರ್ಷದ ಆಸುಪಾಸಿನ ಮುದಿ ಹೆಣ್ಣುಗಳನ್ನು. ಬೇಟೆಗಾರನ ಗುಂಡಿಗೆ ಬೀಳುತ್ತಿದ್ದ ಹೆಣ್ಣಿನ ಸರಾಸರಿ ವಯಸ್ಸು ಆರೂವರೆ. ಮುಂದೆ ಇನ್ನೂ ಹಲವು ಮರಿ ಹಾಕಬೇಕಾದ ವಯಸ್ಸು. ತಲೆ ಲೆಕ್ಕದಲ್ಲಿ ಎರಡೂ ಒಂದೊಂದೇ ಸಾವು. ಹಿಂಡಿಗೆ ಆಗುವ ನಷ್ಟ ಮಾತ್ರ ಬೇರೆ ಬೇರೆ.

ಮರಿಗಳ ವಿಷಯಕ್ಕೂ ಬರೋಣ. 2003–05ರಲ್ಲಿ ಯೆಲ್ಲೊಸ್ಟೋನ್‌ನಲ್ಲಿ ನವಜಾತ ಮರಿಗಳಿಗೆ ರೇಡಿಯೊ ಟ್ಯಾಗ್ ಹಾಕಿ ನೋಡಿದಾಗ, ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರಡಿಗಳ ಪಾಲಾಗಿದ್ದವು. ತೋಳದ ಪಾಲು ನೂರಕ್ಕೆ 20ಕ್ಕಿಂತ ಕಡಿಮೆ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿ ಓಡುವುದಿಲ್ಲ, ಹುಲ್ಲಿನಲ್ಲಿ ಅಡಗಿ ಮಲಗಿರುತ್ತದೆ. ಕರಡಿ ಆ ಹುಲ್ಲನ್ನೇ ಜಾಲಾಡಿ ಹುಡುಕುತ್ತದೆ. ಇನ್ನೊಂದು ಕೊಂಡಿಯೂ ಇದೆ: ಯೆಲ್ಲೊಸ್ಟೋನ್ ಸರೋವರಕ್ಕೆ ಯಾರೋ ತಂದುಬಿಟ್ಟ ಲೇಕ್ ಟ್ರೌಟ್ ಮೀನು 1994ರಲ್ಲಿ ಪತ್ತೆಯಾಯಿತು. ಅದು ಸ್ಥಳೀಯ ಕಟ್‌ಥ್ರೋಟ್ ಮೀನನ್ನು ತಿಂದು ಮುಗಿಸುತ್ತ ಬಂದಂತೆ, ಹೊಳೆಗಳಲ್ಲಿ ಆ ಮೀನು ಹಿಡಿಯುತ್ತಿದ್ದ ಕರಡಿಗಳು ಎಲ್ಕ್ ಮರಿಗಳತ್ತ ಹೆಚ್ಚು ತಿರುಗಿದವು.

ಹಾಗೆಂದು ತೋಳ ನಿರಪರಾಧಿ ಎನ್ನುತ್ತಿಲ್ಲ. ಚಳಿಗಾಲದಲ್ಲಿ ಒಂದು ತೋಳಕ್ಕೆ ತಿಂಗಳಿಗೆ ಒಂದೂವರೆಯಿಂದ ಎರಡು ಎಲ್ಕ್ ಲೆಕ್ಕ. 2003ರಲ್ಲಿ ಉದ್ಯಾನದೊಳಗೇ 174 ತೋಳಗಳಿದ್ದವು. ಈಚಿನ ವರ್ಷಗಳಲ್ಲಿ ನೂರರ ಆಸುಪಾಸಿನಲ್ಲಿವೆ.

ಪ್ರಶ್ನೆ: ಮೊಂಟಾನಾದ ವನ್ಯಜೀವಿ ಇಲಾಖೆಯ ಎಲ್ಕ್ ವರದಿಯಲ್ಲಿ ‘100 ಹೆಣ್ಣಿಗೆ 18 ಮರಿ’ ಎಂದಿದೆ. ಇದು ಒಳ್ಳೆಯದೋ ಕೆಟ್ಟದ್ದೋ?

ಉತ್ತರ: ಚಳಿಗಾಲದ ಕೊನೆಯ ಎಣಿಕೆಯಾದರೆ ಕೆಟ್ಟದ್ದೇ. ಲೆಕ್ಕ ಹಾಕಿ ನೋಡಿ. ಬೇಟೆಯೇ ಇಲ್ಲದೆ ವರ್ಷಕ್ಕೆ 100ರಲ್ಲಿ 12 ಹೆಣ್ಣು ಸಾಯುತ್ತವೆ ಎನ್ನಿ. ಹಿಂಡು ಇದ್ದಂತೆ ಇರಬೇಕಾದರೆ 12 ಹೆಣ್ಣುಮರಿ ಆ ಜಾಗಕ್ಕೆ ಬರಬೇಕು. ಮರಿಗಳಲ್ಲಿ ಅರ್ಧ ಗಂಡು, ಹಾಗಾಗಿ ಒಟ್ಟು 24 ಮರಿ ಬದುಕಿರಬೇಕು. ಇದರ ಮೇಲೆ ಪರವಾನಗಿ ಕೊಟ್ಟು 5 ಹೆಣ್ಣು ಹೊಡೆಸಿದರೆ ಬೇಕಾಗುವುದು 34 ಮರಿ. 18 ಮರಿ ಇರುವ ಹಿಂಡಿನಲ್ಲಿ ಹೆಣ್ಣಿನ ಬೇಟೆಗೆ ಪರವಾನಗಿ ಹಂಚುವುದು ಉಳಿತಾಯದ ಹಣ ಖರ್ಚು ಮಾಡಿದಂತೆ.

ಅಂಕಿಯನ್ನು ನಂಬುವ ಮುನ್ನ ಎಣಿಕೆ ಯಾವ ತಿಂಗಳಲ್ಲಿ ಆಯಿತು ಎಂದು ಕೇಳಿ. ಡಿಸೆಂಬರ್‌ನ ಅಂಕಿ ಮಾರ್ಚ್‌ಗೆ ಇಳಿದಿರುತ್ತದೆ, ಎರಡನ್ನೂ ಹೋಲಿಸುವಂತಿಲ್ಲ. ಹಿಮ ಕಡಿಮೆಯಿದ್ದ ವರ್ಷ ಎಲ್ಕ್ ಮರಗಳ ನಡುವೆ ಚದುರಿರುತ್ತವೆ, ಮೇಲಿನಿಂದ ಕಣ್ಣಿಗೆ ಬೀಳುವುದಿಲ್ಲ. ಆಗಿನ ಒಟ್ಟು ಸಂಖ್ಯೆ ಸುಳ್ಳೇ ಕಡಿಮೆ ಕಾಣುತ್ತದೆ. ಒಂದು ವರ್ಷದ ಅಂಕಿ ಹಿಡಿದು ಜಗಳಕ್ಕೆ ಹೋಗಬೇಡಿ, ಮೂರು ನಾಲ್ಕು ವರ್ಷದ್ದು ನೋಡಿ.

ಪ್ರಶ್ನೆ: ಕಾಡಿನಲ್ಲಿ ಎಲ್ಕ್ ಸತ್ತು ಬಿದ್ದಿತ್ತು. ಕೊಂದದ್ದು ತೋಳವೇ ಎಂದು ಹೇಗೆ ತಿಳಿಯುವುದು?

ಉತ್ತರ: ಮೊದಲು ದೂರ ನಿಲ್ಲಿ. ಹೊಸ ಕಳೇಬರದ ಮೇಲೆ ಮಣ್ಣು, ಹುಲ್ಲುಹೆಂಟೆ ರಾಶಿ ಬಿದ್ದಿದ್ದರೆ ಅದು ಗ್ರಿಜ್ಲಿಯದು, ಹತ್ತಿರದಲ್ಲೇ ಇರಬಹುದು. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಕರಡಿ ಓಡಿಸುವ ಖಾರದ ಸ್ಪ್ರೇ ಸೊಂಟದಲ್ಲಿರಲಿ, ಚೀಲದೊಳಗಲ್ಲ. ಉದ್ಯಾನದ ಒಳಗಾದರೆ ಮುಟ್ಟುವಂತೆಯೇ ಇಲ್ಲ.

ಪ್ಯೂಮಾ ಎಳೆದೊಯ್ದ ಗೀರು ಬಿಡುತ್ತದೆ, ತಿನ್ನುವ ಜಾಗದ ಕೂದಲು ಕಿತ್ತು ಹಾಕುತ್ತದೆ, ಎಲೆ, ಕಡ್ಡಿ, ಹಿಮ ಎಳೆದು ಮುಚ್ಚುತ್ತದೆ. ಕತ್ತಿನ ಮೇಲೆ ಅಥವಾ ಗಂಟಲಲ್ಲಿ ಕೋರೆಹಲ್ಲಿನ ತೂತುಗಳಿರುತ್ತವೆ. ತೋಳ ಮುಚ್ಚುವುದಿಲ್ಲ, ಎಲುಬುಗಳು ಸುತ್ತ ಚೆಲ್ಲಾಪಿಲ್ಲಿ, ಕಡಿತ ತೊಡೆಯ ಹಿಂಬದಿ, ಪಕ್ಕೆ ಮತ್ತು ಗಂಟಲಿನಲ್ಲಿ. ಹೆಜ್ಜೆ ಸುಮಾರು 10–12 ಸೆಂ.ಮೀ. ಉದ್ದ, ಮುಂದೆ ಉಗುರಿನ ಗುರುತು. ಪ್ಯೂಮಾ ಹೆಜ್ಜೆ ಇದಕ್ಕಿಂತ ಚಿಕ್ಕದು, ಉರುಟು, ಸಾಮಾನ್ಯವಾಗಿ ಉಗುರು ಮೂಡಿರುವುದಿಲ್ಲ.

ಆದರೆ ಅಸಲು ಸಾಕ್ಷಿ ಚರ್ಮದ ಒಳಗೆ. ಕಡಿದ ಜಾಗದ ತೊಗಲು ಸುಲಿದಾಗ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ, ಕಡಿದಾಗ ಜೀವವಿತ್ತು. ಹಲ್ಲಿನ ತೂತಿದ್ದೂ ಅಡಿಯ ಮಾಂಸ ಶುಭ್ರವಾಗಿದ್ದರೆ, ಸತ್ತ ಮೇಲೆ ಬಂದು ತಿಂದದ್ದು. ತೊಡೆಯ ಎಲುಬು ಒಡೆದು ಮಜ್ಜೆಯನ್ನೂ ನೋಡಬೇಕು: ಬೆಳ್ಳಗೆ ಗಟ್ಟಿಯಾಗಿದ್ದರೆ ಮೈಗೂಡಿದ ಪ್ರಾಣಿ, ಕೆಂಪಗೆ, ನೀರುನೀರಾಗಿದ್ದರೆ ಹಸಿವಿನಿಂದ ಸೊರಗಿದ್ದ ಪ್ರಾಣಿ, ತೋಳ ಬರದಿದ್ದರೂ ವಸಂತ ಕಾಣುವುದು ಕಷ್ಟವಿತ್ತು. ಈ ಸುಲಿಯುವ ಕೆಲಸ ಇಲಾಖೆಯ ಜೀವಶಾಸ್ತ್ರಜ್ಞರಿಗೆ ಬಿಡಿ. ನೀವು ಫೋಟೊ, ಜಿಪಿಎಸ್ ಬಿಂದು, ದಿನಾಂಕ ಕೊಟ್ಟರೆ ಸಾಕು, ಅದೂ ಬೇಗ. ಎರಡು ದಿನ ಕಳೆದರೆ ಕಾಗೆ, ನರಿಯಂಥ ಕೊಯೊಟೆಗಳು ಏನನ್ನೂ ಉಳಿಸುವುದಿಲ್ಲ.

ಪ್ರಶ್ನೆ: ಹಾಗಾದರೆ ತೋಳ ಹೊಡೆದರೆ ಎಲ್ಕ್ ಮರಳುತ್ತವೆಯೇ?

ಉತ್ತರ: ಅದು ಆಯಾ ಹಿಂಡನ್ನು ಅವಲಂಬಿಸಿದೆ. ಐಡಾಹೊದ ಲೋಲೊ ವಲಯದಲ್ಲಿ 1980ರ ದಶಕದ ಕೊನೆಗೆ 16,000ದಷ್ಟಿದ್ದ ಎಲ್ಕ್ 2010ರ ಹೊತ್ತಿಗೆ ಸುಮಾರು 2,000ಕ್ಕೆ ಇಳಿದವು. 1910ರ ಮಹಾ ಕಾಡ್ಗಿಚ್ಚಿನ ನಂತರ ಚಿಗುರಿದ ಪೊದೆಗಾಡು ಅವುಗಳ ಮೇವಾಗಿತ್ತು. ಬೆಂಕಿ ನಂದಿಸುತ್ತ ಬಂದಂತೆ ಮರ ದಟ್ಟವಾಗಿ ಮೇವು ಕಡಿಮೆಯಾಯಿತು. ತೋಳ ಬರುವ ಮೊದಲೇ ಇಳಿಮುಖ ಶುರುವಾಗಿತ್ತು. ಇಳಿದ ಹಿಂಡನ್ನು ಮೇಲೇಳದಂತೆ ಅದುಮಿದ್ದರಲ್ಲಿ ತೋಳದ ಪಾತ್ರ ದೊಡ್ಡದು. ಅಲ್ಲಿ ಹೆಲಿಕಾಪ್ಟರ್‌ನಿಂದಲೂ ತೋಳ ಹೊಡೆದಿದ್ದಾರೆ, ಎಲ್ಕ್ ಹಳೆಯ ಮಟ್ಟಕ್ಕೆ ಮರಳಿಲ್ಲ. ತೋಳಗಳಲ್ಲಿ ವರ್ಷಕ್ಕೆ ಮೂರನೇ ಒಂದು ಪಾಲು ಹೋದರೂ ಮರುವಸಂತದ ಮರಿಗಳು ತುಂಬಿಕೊಡುತ್ತವೆ, ಹಾಗಾಗಿ ಅಲ್ಲೊಂದು ಇಲ್ಲೊಂದು ಹೊಡೆದು ಪ್ರಯೋಜನವಿಲ್ಲ.

ಮೊಂಟಾನಾದ ಬಿಟರ್‌ರೂಟ್ ಕಣಿವೆಯಲ್ಲೂ ಎಲ್ಲರ ಬೆರಳು ತೋಳದ ಕಡೆಗೇ ಇತ್ತು. 2011ರಿಂದ ಮರಿಗಳಿಗೆ ಟ್ಯಾಗ್ ಹಾಕಿ ಹಿಂಬಾಲಿಸಿದಾಗ ಹೆಚ್ಚು ಕೊಂದದ್ದು ಪ್ಯೂಮಾ ಎಂದು ಗೊತ್ತಾಯಿತು. ನಿಮ್ಮ ಸಹೋದ್ಯೋಗಿಗಳಿಗೆ ಕೇಳಬೇಕಾದ ಪ್ರಶ್ನೆ ಇನ್ನೊಂದು: ಎಲ್ಕ್ ನಿಜಕ್ಕೂ ಇಲ್ಲವೋ, ಅಥವಾ ಗುಂಡಿನ ಸದ್ದು ಶುರುವಾದೊಡನೆ ಖಾಸಗಿ ರ‍್ಯಾಂಚ್‌ಗಳ ಬೇಲಿಯೊಳಗೆ ಸೇರಿಕೊಂಡಿವೆಯೋ? ಎಣಿಕೆ ಇಲಾಖೆಯ ಗುರಿಗಿಂತ ಮೇಲಿದ್ದೂ ಸಾರ್ವಜನಿಕ ಕಾಡಿನಲ್ಲಿ ಒಂದೂ ಕಾಣದ ವಲಯಗಳು ಮೊಂಟಾನಾದಲ್ಲಿವೆ. ಅಂಥ ಕಡೆ ತೋಳ ಬೇಟೆಯ ಪರವಾನಗಿ ಕೊಳ್ಳುವುದಕ್ಕಿಂತ, ಬೇಟೆಗಾರರಿಗೆ ಖಾಸಗಿ ಜಮೀನು ತೆರೆಯುವ ಇಲಾಖೆಯ ‘ಬ್ಲಾಕ್ ಮ್ಯಾನೇಜ್‌ಮೆಂಟ್’ ಯೋಜನೆಯ ನಕ್ಷೆ ಬಿಡಿಸಿ ನೋಡುವುದು ಒಳ್ಳೆಯದು.