ಮೊಬೈಲ್ ಇರುವಾಗ ವರದಿಗಾರ ಯಾಕೆ?

ಪ್ರಶ್ನೆ: ಊರಲ್ಲಿ ಏನೇ ಆದರೂ ಐದೇ ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ವಿಡಿಯೊ ಬರುತ್ತೆ. ಟಿವಿಯವರು ಅದನ್ನೇ ಸಂಜೆವರೆಗೂ ತಿರುಗಿಸಿ ಮುರುಗಿಸಿ ತೋರಿಸುತ್ತಾರೆ. ಹೀಗಿರುವಾಗ ವರದಿಗಾರರು ಯಾಕೆ ಬೇಕು ಸಾರ್?
- ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ತೋರಿಸೋದರಲ್ಲಿ ನೀವೇ ಗೆದ್ದಿರಿ, ಬಿಡಿ. 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಗೆ ವಿಮಾನ ಇಳಿದಾಗ, ರೆಕ್ಕೆ ಮೇಲೆ ನಿಂತಿದ್ದ ಪ್ರಯಾಣಿಕರ ಫೋಟೊ ತೆಗೆದು ಟ್ವಿಟರ್‌ಗೆ ಹಾಕಿದ್ದು ಅವರನ್ನು ಕರೆತರಲು ಹೊರಟ ದೋಣಿಯಲ್ಲಿದ್ದ ಒಬ್ಬ ಸಾಮಾನ್ಯ ಮನುಷ್ಯ.

ಆದರೆ ‘ಇವನೇ ಮಾಡಿದ್ದು’ ಅಂತ ಬೆರಳು ತೋರಿಸುವಾಗ ಲೆಕ್ಕವೇ ಬೇರೆ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ರೆಡ್ಡಿಟ್ ಅನ್ನೋ ಇಂಟರ್ನೆಟ್ ಚರ್ಚಾತಾಣದಲ್ಲಿ ಜನ ಫೋಟೊಗಳನ್ನು ಹಿಗ್ಗಿಸಿ ನೋಡಿ, ಬ್ಯಾಗ್ ಹಾಕಿಕೊಂಡವರನ್ನೆಲ್ಲ ಅನುಮಾನಿಸಿ, ಕೊನೆಗೆ ಸ್ಫೋಟಕ್ಕೂ ಮೊದಲೇ ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ಹೆಸರನ್ನು ಹಬ್ಬಿಸಿಬಿಟ್ಟರು. ಅವನಿಗೂ ಬಾಂಬಿಗೂ ಸಂಬಂಧವೇ ಇರಲಿಲ್ಲ. ಕೆಲವೇ ದಿನಕ್ಕೆ ಅವನ ಶವ ಸಿಕ್ಕಿತು. ಆ ಮನೆಯವರ ಪಾಡು ಯೋಚಿಸಿ.

ಹಾಗಂತ ವೃತ್ತಿಪರರು ಸಾಚಾ ಅಂತಲ್ಲ. ಅದೇ ವಾರ ಸಿಎನ್‌ಎನ್ ಟಿವಿ, ಯಾರನ್ನೂ ಹಿಡಿಯದಿದ್ದರೂ ಬಂಧನ ಆಯಿತು ಅಂದಿತು. ನ್ಯೂಯಾರ್ಕ್ ಪೋಸ್ಟ್ ಪತ್ರಿಕೆ ಏನೂ ಮಾಡದ ಇಬ್ಬರು ಹುಡುಗರ ಫೋಟೊವನ್ನು ಮುಖಪುಟಕ್ಕೇ ಹಾಕಿತು! ವ್ಯತ್ಯಾಸ ಇರೋದು ಆಮೇಲೆ ಏನಾಯಿತು ಅನ್ನೋದರಲ್ಲಿ. ಆ ಹುಡುಗರು ಪೋಸ್ಟ್ ಮೇಲೆ ಕೇಸ್ ಹಾಕಿದರು, ಪತ್ರಿಕೆ ರಾಜಿಗೆ ಬಂತು. ರೆಡ್ಡಿಟ್ ಸಂಸ್ಥೆಯೂ ಕ್ಷಮೆ ಕೇಳಿತು ಅನ್ನಿ, ಆದರೆ ಹೆಸರು ಹಬ್ಬಿಸಿದವರಲ್ಲಿ ಯಾರ ಕಾಲರ್ ಹಿಡೀತೀರಿ? ನಾನು ಪತ್ರಿಕೆಗೆ ದುಡ್ಡು ಕೊಡೋದು ಮುಖ್ಯವಾಗಿ ಈ ಕಾರಣಕ್ಕೇ: ತಪ್ಪು ಬರೆದರೆ ಹೋಗಿ ಕೇಳಲು ಒಂದು ವಿಳಾಸ ಇರುತ್ತೆ.

ಪ್ರಶ್ನೆ: ಹಾಗಾದರೆ ನಾವು ಸುಮ್ನೆ ಕೂರಬೇಕಾ?
- ಅದೇ ಓದುಗರು

ಉತ್ತರ: ಛೆ, ಯಾಕೆ? ಛತ್ತೀಸ್‌ಗಢದ ಸಿಜಿನೆಟ್ ಸ್ವರ ಅನ್ನೋ, ಫೋನಿನಲ್ಲೇ ಸುದ್ದಿ ಹೇಳುವ-ಕೇಳುವ ವೇದಿಕೆ ನೋಡಿ. 2010ರಲ್ಲಿ ಶುರುವಾಗಿದ್ದು. ಹಳ್ಳಿಯವರು ಫೋನ್ ಮಾಡಿ ‘ಬೋರ್‌ವೆಲ್ ಪಂಪ್ ಕೆಟ್ಟಿದೆ, ಕೂಲಿ ಬಂದಿಲ್ಲ’ ಅಂತ ಹಿಂದಿಯಲ್ಲೋ, ಅಲ್ಲಿನ ಆದಿವಾಸಿಗಳ ಗೋಂಡಿ ಭಾಷೆಯಲ್ಲೋ ಹೇಳುತ್ತಾರೆ. ಅದನ್ನು ಒಬ್ಬರು ಕೂತು ಕೇಳಿ, ನಿಜವಾ ಅಂತ ವಿಚಾರಿಸಿ ಆಮೇಲೆ ಎಲ್ಲರೂ ಕೇಳೋ ಹಾಗೆ ಬಿಡುತ್ತಾರೆ. ಎಷ್ಟೋ ಸಲ ಸಂಬಂಧಪಟ್ಟ ಅಧಿಕಾರಿಯ ಫೋನ್ ನಂಬರೂ ಜೊತೆಗಿರುತ್ತೆ, ಕೇಳಿದವರು ಅಲ್ಲಿಗೇ ಫೋನ್ ಹಾಕಬಹುದು.

ನೀವೂ ವಿಡಿಯೊ ಹಾಕಿ. ಎಲ್ಲಿ, ಯಾವತ್ತು, ಯಾರು ತೆಗೆದದ್ದು ಅಂತ ಒಂದು ಸಾಲು ಜೊತೆಗಿರಲಿ. ಇಲ್ಲದಿದ್ದರೆ ನಿಮ್ಮೂರಿನ ಈ ಸಲದ ಪ್ರವಾಹ ಮುಂದಿನ ಮಳೆಗಾಲಕ್ಕೆ ಇನ್ಯಾವುದೋ ಊರಿನದಾಗಿ ನಿಮ್ಮ ಗ್ರೂಪಿಗೇ ವಾಪಸ್ ಬರುತ್ತೆ.