ಮುಂಗಡ ಕೊಟ್ಟರೆ ಪಾಪದಲ್ಲಿ ಪಾಲೇ?

ಪ್ರಶ್ನೆ: ವಿರಾಜಪೇಟೆ ತಾಲ್ಲೂಕಿನಲ್ಲಿ ನಮಗೆ ಚಿಕ್ಕದೊಂದು ಕಾಫಿ ತೋಟವಿದೆ. ಎಚ್.ಡಿ. ಕೋಟೆ ಕಡೆಯಿಂದ ಬಂದು ನಮ್ಮ ಲೈನ್ ಮನೆಯಲ್ಲಿ (ತೋಟದ ಕೂಲಿಯವರಿಗೆಂದು ಕಟ್ಟಿದ ಸಾಲುಮನೆ) ಇರುವ, ಎರಡು ಮಕ್ಕಳ ತಾಯಿಯಾದ ಹೆಂಗಸೊಬ್ಬಳು ಮತ್ತೆ ಬಸುರಿಯಾಗಿದ್ದಾಳೆ. ಸ್ಕ್ಯಾನಿಂಗ್ ಪ್ರಕಾರ 10 ವಾರ. ಗರ್ಭನಿರೋಧಕ ಬಳಸುತ್ತಿದ್ದರೂ ಹೀಗಾಯಿತು, ತೆಗೆಸಿಕೊಳ್ಳುತ್ತೇನೆ, ಮಡಿಕೇರಿ ಆಸ್ಪತ್ರೆಗೆ ಹೋಗಿಬರಲು ಮುಂಗಡ ಕೊಡಿ, ನನ್ನ ಗಂಡನಿಗೆ ಹೇಳಬೇಡಿ ಎನ್ನುತ್ತಿದ್ದಾಳೆ. ಗರ್ಭಪಾತ ಜೀವಹತ್ಯೆ ಎಂದು ನಂಬಿದವಳು ನಾನು. ಮದುವೆಯಾದ ಹೊಸದರಲ್ಲಿ ನನ್ನದೇ ಒಂದು ಗರ್ಭ ನಿಲ್ಲದೆ ಹೋಗಿತ್ತು. ಕುಯ್ಲಿನ ಕಾಲದಲ್ಲಿ ಆಳು ತಪ್ಪುತ್ತದೆ, ಕೊಡಬೇಡ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಅಮೆರಿಕದಲ್ಲಿರುವ ನನ್ನ ತಮ್ಮನೋ, ಅಲ್ಲಿ ಇದಕ್ಕೆ ಸರ್ಕಾರದ ದುಡ್ಡು ಹೋಗುವುದಿಲ್ಲ, ಇಲ್ಲಿ ನಿಮ್ಮ ತೆರಿಗೆಯಿಂದಲೇ ನಡೆಯುತ್ತದೆ ಎಂದು ಹೇಳಿ ನನ್ನ ಸಂಕಟವನ್ನು ಹೆಚ್ಚಿಸಿದ್ದಾನೆ. ನಾನೇನು ಮಾಡಲಿ?

ಉತ್ತರ: ನಿಮ್ಮ ನಂಬಿಕೆಯನ್ನು ಬದಲಿಸಲು ನಾನು ಹೊರಟಿಲ್ಲ. ಗರ್ಭದಲ್ಲಿರುವುದು ಯಾವ ಹಂತದಿಂದ ವ್ಯಕ್ತಿಯೆನಿಸುತ್ತದೆ ಎಂಬ ಪ್ರಶ್ನೆಗೆ ಧರ್ಮಗಳಾಗಲಿ ತತ್ತ್ವಜ್ಞಾನವಾಗಲಿ ಎಲ್ಲರೂ ಒಪ್ಪುವ ಉತ್ತರ ಕೊಟ್ಟಿಲ್ಲ, ನಮ್ಮ ಕಾನೂನೂ ಅದರ ಗೊಡವೆಗೆ ಹೋಗಿಲ್ಲ. ಕಳೆದುಕೊಂಡ ಗರ್ಭದ ನೋವು ಉಂಡವರಿಗೆ ಈ ಮಾತು ಇನ್ನಷ್ಟು ಭಾರವಾಗುವುದೂ ಸಹಜ. ಆದರೆ ನಿಮ್ಮ ಪತ್ರವನ್ನು ಓದುತ್ತಾ ಹೋದಂತೆ, ನೀವು ಒಂದೆಂದು ತಿಳಿದಿರುವ ಪ್ರಶ್ನೆಯಲ್ಲಿ ಎರಡು ಬೇರೆ ಪ್ರಶ್ನೆಗಳಿವೆ ಎನಿಸಿತು. ಗರ್ಭಪಾತ ಸರಿಯೇ ಎಂಬುದು ಒಂದು. ಆ ಹೆಂಗಸಿನ ವಿಷಯದಲ್ಲಿ ಅದನ್ನು ತೀರ್ಮಾನಿಸುವ ಅಧಿಕಾರ ತೋಟದ ಯಜಮಾನಿತಿಗೆ ಇದೆಯೇ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ನಿಮ್ಮ ಅಭಿಪ್ರಾಯ ನಿಮಗಿರಲಿ. ಎರಡನೆಯದಕ್ಕೆ ಮಾತ್ರ, ಇಲ್ಲ ಎಂದು ನಾನು ಅನುಮಾನವಿಲ್ಲದೆ ಹೇಳಬಲ್ಲೆ.

ಮುಂಗಡವನ್ನೇ ತೆಗೆದುಕೊಳ್ಳಿ. ಅದು ನೀವು ಕೊಡುವ ದಾನವಲ್ಲ, ಅವಳು ಮುಂದೆ ದುಡಿದು ತೀರಿಸುವ ಅವಳದೇ ಕೂಲಿ. ಹಬ್ಬಕ್ಕೆ, ಊರಿಗೆ ಹೋಗಲು, ಮಗನ ಶಾಲೆಯ ಖರ್ಚಿಗೆ ಎಂದು ಕೇಳಿದಾಗ ಚೆಕ್‌ರೋಲಿನಲ್ಲಿ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಅವಳ ಹೆಸರಿನ ಮುಂದೆ ಬರೆದು ಕೊಟ್ಟಿರುತ್ತೀರಿ. ಆಗ ನೀವು ಅವಳ ಆಯ್ಕೆಯ ಒಳಿತು ಕೆಡುಕನ್ನು ತೂಗಿ ನೋಡಿರಲಾರಿರಿ. ಈ ಒಂದು ಕಾರಣಕ್ಕೆ ಮಾತ್ರ ಇಲ್ಲವೆಂದರೆ, ವಾಸದ ಮನೆಯೂ ಕೂಲಿಯೂ ಒಂದೇ ಕೈಯಲ್ಲಿರುವ ಲೈನ್ ಮನೆಯಲ್ಲಿ ನಿಮ್ಮ ನಂಬಿಕೆ ಅವಳ ಪಾಲಿಗೆ ಕಾನೂನಾಗಿಬಿಡುತ್ತದೆ. ನಿಮ್ಮ ಯಜಮಾನರ ಕಾರಣವಂತೂ ನಂಬಿಕೆಯದ್ದೂ ಅಲ್ಲ, ಕುಯ್ಲಿನದು. ಅದನ್ನು ನಿಮ್ಮ ಧರ್ಮಸಂಕಟದೊಳಗೆ ಬೆರೆಸಿಕೊಳ್ಳಬೇಡಿ.

ಕಾನೂನಿನ ಸ್ಥಿತಿ ಹೀಗಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯ ನಂತರ, 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. 20ರಿಂದ 24 ವಾರಗಳವರೆಗೆ ನಿಗದಿತ ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಕೇಳಿದವರಿಗೆಲ್ಲ ಕೇಳಿದಾಗಲೆಲ್ಲ ಎಂಬ ಹಕ್ಕು ಇದಲ್ಲ, ವೈದ್ಯರು ಕಾರಣವನ್ನು ಪರಿಶೀಲಿಸಲೇಬೇಕು. ಗರ್ಭನಿರೋಧಕ ವಿಫಲವಾಗಿ ಬಸುರಾದಾಗ ಆಗುವ ಸಂಕಟವನ್ನು ಮಾನಸಿಕ ಆರೋಗ್ಯಕ್ಕೆ ಆಗುವ ತೀವ್ರ ಹಾನಿಯೆಂದು ಭಾವಿಸಬಹುದು ಎಂದು ಕಾಯ್ದೆಯೇ ವಿವರಿಸಿದೆಯಾದ್ದರಿಂದ, ನೀವು ಬರೆದಿರುವ ಸಂಗತಿ ಅದರ ಚೌಕಟ್ಟಿನೊಳಗೇ ಬರುತ್ತದೆ. ಪ್ರಾಯಕ್ಕೆ ಬಂದ ಹೆಂಗಸಾದರೆ ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಗುಟ್ಟು ಬಯಲು ಮಾಡುವ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದಿದೆ. ನಿಮಗೆ ಆ ಶಿಕ್ಷೆ ಇಲ್ಲದಿರಬಹುದು, ಆದರೆ ನಂಬಿ ಹೇಳಿದ ಮಾತನ್ನು ಅವಳ ಗಂಡನ ಕಿವಿಗೆ ಹಾಕುವುದು ಯಾವ ಧರ್ಮಕ್ಕೂ ಒಪ್ಪುವ ಕೆಲಸವಲ್ಲ. (ಹೆಣ್ಣು ಮಗುವೆಂದು ಗುಟ್ಟಾಗಿ ತಿಳಿದು ತೆಗೆಸಲು ಹೊರಟವರ ವಿಷಯವಾಗಿದ್ದರೆ ನನ್ನ ಉತ್ತರದ ದಾರಿಯೇ ಬೇರೆಯಾಗುತ್ತಿತ್ತು, ಲಿಂಗಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ನಿಮ್ಮ ಪತ್ರದಲ್ಲಿ ಅಂಥ ಸುಳಿವಿಲ್ಲ.)

ಇನ್ನು ತೆರಿಗೆಯ ಮಾತು. ನಿಮ್ಮ ತಮ್ಮ ಹೇಳಿದ್ದು ಬಹುಮಟ್ಟಿಗೆ ನಿಜ. ಅಮೆರಿಕದ ಸಂಸತ್ತು 1976ರಲ್ಲಿ ಒಪ್ಪಿದ ಹೈಡ್ ತಿದ್ದುಪಡಿ, ತಾಯಿಯ ಜೀವಕ್ಕೆ ಅಪಾಯ, ಅತ್ಯಾಚಾರದಂಥ ಕೆಲವು ಸಂದರ್ಭಗಳನ್ನು ಬಿಟ್ಟು, ಗರ್ಭಪಾತಕ್ಕೆ ಕೇಂದ್ರ ಸರ್ಕಾರದ ಹಣ ಹೋಗದಂತೆ ತಡೆಯುತ್ತದೆ; 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕೆಲವು ರಾಜ್ಯಗಳು ತಮ್ಮ ಸ್ವಂತ ಹಣದಿಂದ ವೆಚ್ಚ ಭರಿಸುತ್ತವೆ ಎಂಬುದನ್ನು ನಿಮ್ಮ ತಮ್ಮ ಹೇಳಿರಲಿಕ್ಕಿಲ್ಲ. ಈ ತಡೆ ಯಾರನ್ನು ತಟ್ಟಿತು ನೋಡಿ. ಕೈಯಲ್ಲಿ ದುಡ್ಡಿದ್ದವರು ದುಡ್ಡು ಕೊಟ್ಟು ಮಾಡಿಸಿಕೊಂಡರು. ಬಡವರ ಆರೋಗ್ಯ ಯೋಜನೆಯನ್ನೇ ನೆಚ್ಚಿಕೊಂಡಿದ್ದ ಹೆಂಗಸರು ಮಾತ್ರ ಹಣ ಹೊಂದಿಸಲಾರದೆ ನಿಂತರು. ಕೊಡಗಿನಲ್ಲೂ ಅನುಕೂಲವಂತರ ಮನೆಯ ಹೆಣ್ಣುಮಗಳಿಗೆ ಇಂಥ ಸಂದರ್ಭ ಬಂದರೆ ಮೈಸೂರಿನ ಖಾಸಗಿ ಆಸ್ಪತ್ರೆಗೆ ಹೋಗಿಬರುತ್ತಾಳೆ, ಪಕ್ಕದ ಮನೆಗೂ ತಿಳಿಯುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಗರ್ಭಪಾತ ನಿಲ್ಲುವುದಿಲ್ಲ, ಲೈನ್ ಮನೆಯವಳು ಔಷಧಿ ಅಂಗಡಿಯಲ್ಲಿ ಸಿಕ್ಕಿದ ಮಾತ್ರೆ ನುಂಗುತ್ತಾಳೆ. ಮಾತ್ರೆಯ ವಿಧಾನಕ್ಕೆ ನಮ್ಮ ನಿಯಮಗಳು ಇಟ್ಟಿರುವ ಮಿತಿ 9 ವಾರ. ಆಕೆ ಅದನ್ನು ಆಗಲೇ ದಾಟಿದ್ದಾಳೆ. ಮಾತ್ರೆ ನುಂಗಿ ಅರ್ಧಕ್ಕೆ ನಿಂತು ರಕ್ತಸ್ರಾವವಾದರೆ, ತೋಟದಿಂದ ಆಸ್ಪತ್ರೆ ಸೇರುವಷ್ಟರಲ್ಲಿ ಏನಾಗಬಹುದೆಂದು ಈ ಗುಡ್ಡಗಾಡಿನಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ.

ನನ್ನ ದೃಷ್ಟಿಯಲ್ಲಿ ಸರ್ಕಾರ ಈ ವೆಚ್ಚ ಹೊರುವುದರಿಂದ ನಿಮ್ಮ ಹೊರೆ ಹಗುರವೇ ಆಗಿದೆ. ಸರ್ಕಾರ ಕೈಬಿಟ್ಟಿದ್ದರೆ ಅವಳು ಚಿಕಿತ್ಸೆಯ ಇಡೀ ಖರ್ಚಿಗೆ ನಿಮ್ಮೆದುರೇ ನಿಲ್ಲಬೇಕಾಗಿತ್ತು, ಆಗ ಹೌದೆಂದರೂ ಇಲ್ಲವೆಂದರೂ ತೀರ್ಪು ನಿಮ್ಮದೇ ಆಗುತ್ತಿತ್ತು. ಈಗ ತೀರ್ಮಾನ ಅವಳ ಮತ್ತು ವೈದ್ಯರ ನಡುವೆ ಇದೆ. ನಿಮ್ಮಿಂದ ಬೇಕಿರುವುದು ಬಸ್ಸಿನ ದುಡ್ಡು ಮತ್ತು ರಜೆ. ಸಾಮಾನ್ಯ ಖಜಾನೆಗೆ ಸೇರಿದ ತೆರಿಗೆಯಿಂದ ನಡೆಯುವ ಪ್ರತಿ ಕೆಲಸಕ್ಕೂ ತೆರಿಗೆ ಕೊಟ್ಟವರೆಲ್ಲ ನೈತಿಕ ಹೊಣೆ ಹೊರುವುದಾದರೆ, ಮದ್ಯಪಾನವನ್ನು ವಿರೋಧಿಸುವವರು ಅಬಕಾರಿ ಆದಾಯದಿಂದ ನಡೆಯುವ ಶಾಲೆಗೆ ಮಕ್ಕಳನ್ನು ಕಳಿಸುವಂತೆಯೇ ಇಲ್ಲ. ಕಾನೂನು ತಪ್ಪೆನಿಸಿದರೆ ಅದನ್ನು ಬದಲಿಸಲು ವಾದಿಸುವ ಹಕ್ಕು ನಿಮಗೆ ಪೂರ್ತಿಯಾಗಿದೆ, ವಾದಿಸಿ. ಅದರ ಬೆಲೆಯನ್ನು ನಿಮ್ಮ ತೋಟದ ಕೂಲಿಯವಳೊಬ್ಬಳಿಂದ ವಸೂಲು ಮಾಡಬೇಡಿ.

ಹಾಗಾಗಿ ಮುಂಗಡವನ್ನು ಕೊಡಿ, ಬೇರೆ ಮುಂಗಡದಂತೆಯೇ ಬರೆದುಕೊಳ್ಳಿ, ಕಾರಣ ಬರೆಯಬೇಡಿ. ಜೊತೆಗೆ ಹೋಗಲು ನಿಮ್ಮ ಮನಸ್ಸು ಒಪ್ಪದಿದ್ದರೆ ಹೋಗಬೇಕಾಗಿಲ್ಲ. ಅದನ್ನು ಅವಳಿಗೆ ನೇರವಾಗಿ, ಉಪದೇಶವಿಲ್ಲದೆ ಹೇಳಿಬಿಡಿ. ಅವಳಿಗೆ ಒಪ್ಪಿಗೆಯಿದ್ದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಲಿ. ಮನಸ್ಸು ಬದಲಾದರೆ ಮಗುವನ್ನು ಉಳಿಸಿಕೊಳ್ಳಲೂ ಇದೇ ತೋಟದಲ್ಲಿ ಜಾಗವಿದೆ ಎಂದು ಒಮ್ಮೆ ಹೇಳಬಹುದು, ಆದರೆ ಹೆರಿಗೆಯ ಕಾಲದ ರಜೆ ಕೂಲಿಯನ್ನು ನಿಜವಾಗಿ ಕೊಡುವ ಮನಸ್ಸಿದ್ದರೆ ಮಾತ್ರ.

ರಜೆಯ ವಿಷಯವನ್ನು ಯಜಮಾನರಿಗೂ ಓದಿ ಹೇಳಿ. ವೈದ್ಯಕೀಯ ಗರ್ಭಪಾತವಾದ ಹೆಂಗಸಿಗೆ 6 ವಾರಗಳ ವೇತನಸಹಿತ ರಜೆ ಎಂಬುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ಬಂದ ಹಕ್ಕು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ, ಪ್ಲಾಂಟೇಶನ್ನುಗಳಿಗೂ ಅದು ಅನ್ವಯಿಸುತ್ತದೆ. ನಿಮ್ಮ ತೋಟ ಚಿಕ್ಕದೆಂದು ಕಾನೂನಿನ ಲೆಕ್ಕಕ್ಕೆ ಬಾರದಿದ್ದರೂ, ಆಸ್ಪತ್ರೆಯಿಂದ ಬಂದ ಮರುದಿನವೇ ಅವಳ ತಲೆಯ ಮೇಲೆ ಹಣ್ಣಿನ ಮೂಟೆ ಹೊರಿಸುವಂತಿಲ್ಲ. ಜ್ವರ ಬಂದರೆ, ರಕ್ತ ನಿಲ್ಲದೆ ಹೋಗುತ್ತಿದ್ದರೆ, ರಾತ್ರಿಯಾಗಿದ್ದರೂ ನಿಮ್ಮದೇ ಜೀಪಿನಲ್ಲಿ ಕಳಿಸಿಕೊಡಬೇಕು; ಆ ಹೊತ್ತಿಗೆ ಯಾರನ್ನು ಕೂಗಬೇಕೆಂದು ಅವಳಿಗೆ ಈಗಲೇ ತಿಳಿಸಿಡಿ.